ಎರಡು ಬೆರಳು ಎಡಕ್ಕೆ

ಡಂಪರಿನಿಂದ ಹಾರಿದ ಕಲ್ಲು ಕಡಲೆಕಾಳಿನಷ್ಟೂ ಇರಲಿಲ್ಲ.
ಕಾತ್ರಜ ಬೈಪಾಸಿನಲ್ಲಿ ಟಣ್ ಅಂದಿತು,
ಸಾಸಿವೆಯಷ್ಟು ಗುರುತು; ಒರೆಸಿದರೆ ಹೋದೀತು ಅನ್ನುವ ಹಾಗೆ.
ಆಮೇಲೆ ಕಲಿಯುವವರು ಕ್ಲಚ್ಚು ಬಿಟ್ಟ ಪ್ರತಿ ಜರ್ಕಿಗೂ
ಅದು ಇಷ್ಟಿಷ್ಟೇ ನಡೆಯಿತು.
ಬುಧವಾರ ವೈಪರಿನ ತನಕ,
ಶುಕ್ರವಾರ ಕನ್ನಡಿಯ ಬುಡಕ್ಕೆ,
ಸಂಕಷ್ಟಿಯ ದಿನ ನೋಡಿದರೆ ಭೀಮೆಯ ನಕಾಶೆ,
ಉಪನದಿಗಳ ಸಮೇತ.

ನಾನಾ ಪೇಠೆಯಲ್ಲಿ ದಿಲಾವರ ಶಿಕಲಗಾರನ ಅಂಗಡಿ.
ಅಜ್ಜ ಕತ್ತಿ ಮಸೆದವನು, ಅಪ್ಪ ಕತ್ತರಿ, ಇವನು ಗಾಜು.
ಸೊಲ್ಲಾಪುರದವನು, ನನ್ನ ಜೋಡಿ ಕನ್ನಡದಲ್ಲೇ ಚೌಕಾಸಿ.
ಕಂಪನಿಯದು ಹನ್ನೆರಡೂವರೆ ಸಾವಿರ, ಮೂಲೆಯಲ್ಲಿ ಮುದ್ರೆ,
ತರಿಸಲು ನಾಲ್ಕು ದಿನ.
ಬಜಾರಿನದು ಐದು ಸಾವಿರ, ಮಧ್ಯಾಹ್ನದ ನಮಾಜಿಗೆ ಮುಂಚೆ ಕೂರಿಸಿಬಿಡುವೆ.
ಎರಡರ ಹೊಟ್ಟೆಯಲ್ಲೂ ಅದೇ ಪೊರೆ,
ಒಡೆದರೂ ಕೈ ಬಿಡಂಗಿಲ್ಲ.

ನನ್ನದು ಡ್ರೈವಿಂಗ್ ಸ್ಕೂಲು. ಒಂದೇ ಕಾರು.
ನಾಲ್ಕು ದಿನ ಅಂದರೆ ಇಪ್ಪತ್ತೆಂಟು ಪಾಠ.
ಏಳೂವರೆ ಸಾವಿರ ಅಂದರೆ ಒಂದೂವರೆ ವಿದ್ಯಾರ್ಥಿ,
ಆ ಅರ್ಧದವನಿಗೆ ರಿವರ್ಸು ಬರುವುದಿಲ್ಲ.

ಬಜಾರಿನದನ್ನು ಹುಡುಗ ಎತ್ತಿ ಹಿಡಿದ.
ಹಿಂದೆ ನಿಂತು ನಾನು ಒಂದು ಹೆಜ್ಜೆ ಆಚೆ, ಒಂದು ಈಚೆ.
ಎದುರಿನ ಲೈಟುಕಂಬ ಎಡ ತುದಿಗೆ ಬಂದದ್ದೇ
ಸೊಂಟ ಮುರಿದುಕೊಂಡಿತು.
ಚಹಾದ ಗಾಡಿಯವನು ತುಸು ಬಸುರಾದ.
"ಎಂಟು ದಿನ," ಅಂದ ಶಿಕಲಗಾರ,
"ಆಮ್ಯಾಲೆ ಕಣ್ಣೇ ಹೊಂದಿಕೊಳ್ತದ."

ಹೊಂದಿಕೊಳ್ತದ. ಗೊತ್ತು.
ಗುಲಬರ್ಗಾದ ಕಣ್ಣು ಪುಣೆಗೆ ಹೊಂದಿಕೊಂಡಿತು,
ಮಾವನ ಮನೆಯ ಮುಚ್ಚಲಾರದ ಬಾಗಿಲಿಗೆ,
"ಬಾಯಿ ಕಲಿಸ್ತಾಳಾ ಗಾಡಿ?" ಎಂಬುದಕ್ಕೂ.
ಬಾಗಿದ ಕಂಬವನ್ನೂ ನೆಟ್ಟಗೆ ಮಾಡಿಕೊಂಡೀತು.
ಕಲಿಯುವವರದು ಹಾಗಲ್ಲ,
ನಾನು ತೋರಿಸಿದ್ದೇ ಅವರಿಗೆ ಕಂಬ.

"ಇನ್ನೊಂದು ತೆಗಿ."
ತೆಗೆದ. ರಸ್ತೆ ನೀರಿನೊಳಗಿದ್ದಂತೆ.
"ಇನ್ನೊಂದು."
ಮೇಲಂಚಿಗೆ ಗುಳ್ಳೆ.
ನಾಲ್ಕನೆಯದಕ್ಕೆ ಹುಡುಗ ಬೆವರಿದ, ಶಿಕಲಗಾರ ನಕ್ಕ:
"ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ."
ಐದನೆಯದರಲ್ಲಿ ಕಂಬ ಈ ತುದಿಯಿಂದ ಆ ತುದಿಗೆ
ಕಂಬವಾಗಿಯೇ ನಡೆದು ಹೋಯಿತು.
ಮುದ್ರೆ ಇರಲಿಲ್ಲ.
ಇದನ್ನೇ ಕೂರಿಸು ಅಂದೆ.

ಹಳೆಯದನ್ನು ತಂತಿಯಿಂದ ಕೊಯ್ದು ತೆಗೆದರು.
ಅದರ ಮೇಲೆ, ನಡುವಿಗಿಂತ ಎರಡು ಬೆರಳು ಎಡಕ್ಕೆ,
ಹದಿನಾಲ್ಕು ವರ್ಷದ ನೇಲ್‌ಪಾಲಿಶ್ ಚುಕ್ಕೆ.
"ಚುಕ್ಕೆ ಫುಟ್‌ಪಾತಿನ ಅಂಚಿಗೆ ತಾಗಲಿ, ಗಾಡಿ ಸರಿ ನಿಂತಂಗ."
ಎಷ್ಟು ಜನಕ್ಕೆ ಹೇಳಿದೆನೋ.
ಗುಜರಿಯವನು ಕಂಬಳಿಯಂತೆ ಮಡಚಿ ಒಯ್ದ.

ಅಂಟು ಒಣಗುವ ತನಕ ಬಾಗಿಲು ಬಡಿಯಬೇಡಿ, ಕಿಟಕಿ ಚೂರು ತೆರೆದಿಡಿ.

ಮರುದಿನ ಮೊದಲ ಪಾಠ ವೈಜಯಂತಿ ಪೋತನೀಸ್,
ಐವತ್ತೊಂಬತ್ತು ವರ್ಷ, ನಾಲ್ಕಡಿ ಹತ್ತಂಗುಲ.
ಹದಿನೇಳು ಪಾಠವಾಗಿದೆ,
ಹದಿನೇಳು ಸಲ ಚಕ್ರ ಉಜ್ಜಿದ್ದಾರೆ.
ಗಾಡಿಯನ್ನು ನಾನೇ ಅಂಚಿಗೆ ನಿಲ್ಲಿಸಿ, ಚುಕ್ಕೆ ಇಡಲೆಂದು
ಪರ್ಸಿನಲ್ಲಿ ಶೀಶೆ ಹುಡುಕುವಷ್ಟರಲ್ಲಿ
ಅವರು ಸೀಟು ಬದಲಿಸಿ ಬೆಲ್ಟು ಹಾಕಿ ಕೂತಾಗಿತ್ತು.
ಇರಲಿ ಎಂದು ಕೇಳಿದೆ, "ಅಂಚು ಎಲ್ಲಿ ಕಾಣ್ತದ?"
ಬೆರಳಿಟ್ಟರು.
ನನ್ನ ಜಾಗದಿಂದ ನಾಲ್ಕು ಬೆರಳು ಆಚೆ.

"ಖಾತ್ರಿಯಾ?"
"ಅಲ್ಲೇ, ಮ್ಯಾಡಂ. ಮೊದಲಿನಿಂದಲೂ ಅಲ್ಲೇ."

ಅವರನ್ನು ಇಳಿಸಿ ನಾನು ಕೂತೆ: ಎರಡು ಬೆರಳು ಎಡಕ್ಕೆ.
ನಾನಿಳಿದು ಅವರು ಕೂತರು: ಅಲ್ಲೇ.
ಗಾಜು ಒಂದೇ, ಐದರಲ್ಲಿ ಆರಿಸಿದ್ದು.

ಹದಿನೇಳು ಸಲ ಬೈದಿದ್ದೆನಲ್ಲ,
ಏನೂ ಹೇಳಲಾಗದೆ ಶೀಶೆಯ ಮುಚ್ಚಳ ತಿರುವಿ ಅವರ ಕೈಗೆ ಕೊಟ್ಟೆ.

ಸಂಜೆಗೆ ಏಳು ಚುಕ್ಕೆ, ಒಂದರ ಮೇಲೊಂದಿಲ್ಲ.
ಶಿಕಲಗಾರ ನೋಡಿದರೆ ಬೈದಾನು,
ಹೊಸ ಗಾಜಿಗೆ ಸಿಡುಬು ತರಿಸಿದಿರಲ್ಲ ಬಾಯಿ ಎಂದು.