ಕಳೆ

ಹಿರೇಮಟ್ಟಿ ರೋಡ್.
ಊರು ಇಲ್ಲಿಂದ ಮೂರು ಮೈಲಿ; ಹೆಸರಿಗೊಂದು ಬಾಲ ಕಟ್ಟಿ
ಕ್ಷಮೆ ಕೇಳುವಂತಿದೆ ಹಳದಿ ಹಲಗೆ.
ಕಡೂರು ಕಡೆಯಿಂದ ಜೋಡಿಹಳಿ ಬರುತ್ತಿದೆ.
ಕಟ್ಟಡ ಅಡ್ಡ ಬಂದಿದೆ.
ಕೆಡವುವ ಮುನ್ನ ಅಳೆಯಬೇಕು; ಅಳೆಯಲು ನಾನು,
ಟೇಪಿನ ಆ ತುದಿಗೆ ಪಾಯಿಂಟ್ಸ್‌ಮನ್ ರೂಪ್ಲಾನಾಯ್ಕ,
ಇವತ್ತು ಅವನಿಗೆ ರಜೆ, ಬೀಡಿ ಕಿವಿಯ ಮೇಲೆ.

ಉದ್ದ ಅರವತ್ತೆರಡು ಅಡಿ. ಅಗಲ ಹದಿನೆಂಟು.
ಗೋಡೆ ಎರಡಡಿ ದಪ್ಪ, ಕಗ್ಗಲ್ಲು, ಬೆಲ್ಲ ಬೆರೆಸಿದ ಗಾರೆ.
ಬೆಲ್ಲದ ಮಾತು ರೂಪ್ಲಾನಾಯ್ಕನದು:
ಅವನ ಅಜ್ಜಿಯ ಅಜ್ಜಿ ಗಾರೆಗಾಣದ ಎತ್ತಿನ ಹಿಂದೆ ನಡೆದವಳಂತೆ,
ಸುತ್ತಿಗೊಂದು ಉಂಡೆ
ಸೆರಗಿಗೆ ಇಳಿಸಿಕೊಂಡವಳಂತೆ.
‘ಅಷ್ಟು ಬಲ ಕಮ್ಮಿ ಇರಬೇಕು ಈ ಮೂಲೇಲಿ’
ಎಂದು ಗುದ್ದಿ ನಗುತ್ತಾನೆ. ಗೋಡೆ ಜಗ್ಗುವುದಿಲ್ಲ.

ಮಾಡಿಗೆ ಮಂಗಳೂರು ಹೆಂಚು. ಸೂರಿನಂಚಿಗೆ ತೇಗದ ಹಲ್ಲುಗಳು,
ನಲವತ್ತೊಂಬತ್ತರಲ್ಲಿ ಏಳು ಉದುರಿವೆ.
ಕಂಬಗಳೆಂದರೆ ಹಳೆಯ ಹಳಿಗಳೇ;
ಮಲಗಿ ಸವೆದದ್ದು ಸಾಲದೆಂದು
ಎದ್ದು ನಿಂತು ಹೊರುತ್ತಿವೆ.
ಒಂದರ ಪಕ್ಕೆಯಲ್ಲಿ ಉಬ್ಬಿದ ಇಸವಿ, ೧೮೮೬,
ಜೊತೆಗೆ ಕಡಲಾಚೆಯ ಯಾವುದೋ ಕುಲುಮೆಯ ಹೆಸರು,
ಅರ್ಧ ಸುಣ್ಣದಡಿ.

ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ವರ್ಷ
ಪ್ಲಾಟ್‌ಫಾರಂ ಎರಡಡಿ ಎದ್ದಿತು.
ಕಟ್ಟಡ ಏಳಲಿಲ್ಲ.
ಅಂದಿನಿಂದ ಟಿಕೆಟ್ ಕಿಟಕಿ ಮೊಣಕಾಲಿಗೆ ಬಂತು;
ಬಾಣಾವರಕ್ಕೆ ಒಂದು ಎನ್ನಲೂ
ಗರ್ಭಗುಡಿಗೆ ಬಗ್ಗಿದ ಹಾಗೆ ಬಗ್ಗಬೇಕು.
ಒಳಗಿದ್ದ ವರದರಾಜ ನಾಯ್ಡು ಮಾಸ್ತರರಿಗೆ
ಕಾಣುತ್ತಿದ್ದದ್ದು ಬರೀ ಪಾದ.
ಕರಿಮಣ್ಣಿನ ಹಿಮ್ಮಡಿಗೆ ಅಜ್ಜಂಪುರ,
ಸಗಣಿ ಮೆತ್ತಿದ್ದಕ್ಕೆ ಬೀರೂರು ಸಂತೆ,
ಬೂಟಾದರೆ ಕೇಳುವುದೇ ಬೇಡ, ಬೆಂಗಳೂರು,
ಬಾಯಿ ತೆರೆಯುವ ಮೊದಲೇ ಹರಿದಿಡುತ್ತಿದ್ದರಂತೆ ಚೀಟಿ.
ಬರಿಗಾಲಿನ ಒಬ್ಬಳಿಗೆ ಮಾತ್ರ ಪ್ರತಿ ಸಲ ತಪ್ಪುತ್ತಿತ್ತಂತೆ.

ಆ ಕಿಟಕಿಯ ಅಡಿಗಲ್ಲಿನಲ್ಲಿ ಒಂದು ಗುಳಿ.
ಕಾಸು, ಆಣೆ, ನಯಾಪೈಸೆ, ರೂಪಾಯಿ,
ತಳ್ಳಿ ತಳ್ಳಿ, ಉಗುರು ತಾಗಿ ತಾಗಿ ಆದದ್ದು.
ಆಳ ಮುಕ್ಕಾಲು ಇಂಚು.
ಅಳೆದೆ. ಯಾವ ಕಾಲಮಿಗೆ ಬರೆಯಬೇಕೆಂದು
ತಿಳಿಯಲಿಲ್ಲ.

ನಮ್ಮ ಪುಸ್ತಕದಲ್ಲಿ ಬೆಲೆ ಗೋಡೆಗೆ.
ಬಾಗಿಲು, ಕಿಟಕಿ, ಕಮಾನಿನ ಬಾಯಿ,
ಜನ ಹಾದುಹೋದ ಜಾಗವನ್ನೆಲ್ಲ
ಕೆಂಪು ಗೆರೆಯಡಿ ‘ಕಳೆ’ ಎಂದು ಬರೆಯುತ್ತೇವೆ.
ಹಳಿಯ ನಡುವೆ ಹುಟ್ಟಿದ್ದೂ ಕಳೆ.
ಗಾಡಿ ಇಳಿದ ಹೊಸ ಮದುಮಗಳ ಮುಖದ ಮೇಲಿದ್ದದ್ದೂ ಕಳೆಯೇ.
ಇಲಾಖೆಗೆ ಒಂದೇ ಅರ್ಥ.

ಕಳೆ: ಮುಂಬಾಗಿಲು, ನಾಲ್ಕಡಿ, ಏಳಡಿ.
ಕಳೆ: ಹೆಂಗಸರ ಕೋಣೆಯ ಜಾಲಂದ್ರ. ಅಲ್ಲೊಂದು ಹೆರಿಗೆಯಾಗಿ,
ಹೊರಗೆ ಪೂನಾ ಗಾಡಿ ಕಾದು ನಿಂತಿತ್ತೆಂದು
ಕೂಸಿಗೆ ಪೂನಾಬಾಯಿ ಎಂದೇ ಕರೆದರು.
ಕಳೆ: ಲಾಂದ್ರದ ಗೂಡು. ಸೀಮೆಎಣ್ಣೆ ಕಮಟು ಇನ್ನೂ ಇದೆ.
ಕಳೆ: ಕುಡಿಯುವ ನೀರಿಗೆ ಎರಡು ಗೂಡು, ನಡುವೆ ಒಂದು ಮೊಳ ಗೋಡೆ,
ಇವರಿಗೊಂದು, ಅವರಿಗೊಂದು.
ಎರಡಕ್ಕೂ ನೀರು ಹೊತ್ತವನು ಒಬ್ಬನೇ.
ಅವನೆಲ್ಲಿ ಕುಡಿದನೋ.

ಹಿಂಗೋಡೆ, ಮೂಡಣ ಮೂಲೆ, ನಾಲ್ಕನೆಯ ವರಸೆ:
ಹೆಬ್ಬೆರಳುದ್ದದ ಮೀನು, ಉಳಿಯ ಗೀರು.
ಕಲ್ಲಿನ ಲೆಕ್ಕದ ಕೂಲಿಗೆ ಹಾಕಿಟ್ಟ ಗುರುತು.
ಹೆಸರು ಕೆತ್ತಿಹೋದ ಶಿಲ್ಪಿಗಳ ಗುಡಿಗಳೂ ನಮ್ಮ ಸೀಮೆಯಲ್ಲಿವೆ,
ನೋಡಲು ಬಸ್ಸುಗಳು ಬರುತ್ತವೆ.
ಇವನು ಹಿಂಗೋಡೆಯವನು,
ಎದುರಿಗೆ ಉಚ್ಚೆ ಹೊಯ್ಯುವ ಜಾಗ.
‘ಬೋವಿ ಯಾವನೋ’ ಅಂದ ರೂಪ್ಲಾನಾಯ್ಕ,
‘ನೀರಿಲ್ಲದ ಕಡೆ ಮೀನು ಬಿಟ್ಟವನೆ.’
ಕಲ್ಲು ಹರಾಜಿಗೆ, ಲೋಡಿನ ಲೆಕ್ಕದಲ್ಲಿ.

ಆಗ ಗಾಡಿ ಬಂತು. ಇಲ್ಲಿ ನಿಲ್ಲುವುದಿಲ್ಲ.
ರಜೆಯಲ್ಲೂ ನೆಟ್ಟಗೆ ನಿಂತ ರೂಪ್ಲಾನಾಯ್ಕ,
ಬಾವುಟವಿಲ್ಲ, ಟೇಪಿನ ತುದಿ ಹಿಡಿದೇ ಕೈ ಚಾಚಿದ;
ಹಳದಿ ಪಟ್ಟಿ ನಮ್ಮಿಬ್ಬರ ನಡುವೆ
ಪಟಪಟನೆ ಹೊಡೆದುಕೊಂಡಿತು, ಕೊನೆಯ ಬೋಗಿಯವರೆಗೆ.

ಧೂಳು ಕೂತ ಮೇಲೆ
ಸೂರಿನಿಂದ ಇನ್ನೊಂದು ಹಲ್ಲು ಬಿತ್ತು.
ಏಳು ಹೊಡೆದು ಎಂಟು ಮಾಡಿದೆ.