ತೆರೆ ಹಿಡಿದವರು

ನಮ್ಮ ಓಣಿಯ ಚರಂಡಿ ನೀಲಿ.
ಜೀನ್ಸು ತೊಳೆದ ನೀರು ಇಳಿದು ಬಂದು
ಬಳ್ಳಾರಿಯ ಬಿಸಿಲಿಗೆ ಮಿರಮಿರ ಮಿಂಚುತ್ತದೆ;
ಹೊಸಬರು ನಿಂತು ಚಂದ ಅನ್ನುತ್ತಾರೆ.
ಆಚೆ ದಂಡೆ ಅವರದು, ಈಚೆ ದಂಡೆ ನಮ್ಮದು,
ನಲ್ಲಿ ಮಾತ್ರ ಒಂದೇ.
ಹತ್ತು ದಿನಕ್ಕೊಮ್ಮೆ ಕೆಮ್ಮುತ್ತ ಬರುವ ನೀರಿಗೆ
ಕೊಡಕ್ಕಿಂತ ಮೊದಲು ಬಾಯಿ ತುಂಬುತ್ತಿದ್ದವು.

ನಾನು ಕಾಜಾ ಹೊಡೆಯುವವಳು.
ದಿನಕ್ಕೆ ಆರುನೂರು ತೂತು,
ಯಾವುದೋ ಊರಿನ ಯಾರದೋ ಹೊಟ್ಟೆಯ ಗುಂಡಿಗೆ.
ಪಕ್ಕದಲ್ಲಿ ಗುಂಡಿ ಬಡಿಯುವ ಗಾದಿಲಿಂಗಪ್ಪ
ಒಂದು ಕಾಲಕ್ಕೆ ಬಯಲಾಟದ ಸಾರಥಿ.
ಮ್ಯಾಳ ಮುರಿಯಿತು, ಕೈಗೆ ಅದು ಗೊತ್ತಿಲ್ಲ:
ತಕಿಟ ತಾ, ತಕಿಟ ತಾ, ಒಂದು ಗುಂಡಿ.

ಕರೆಂಟು ಹೋದ ಒಂದು ಸಂಜೆ ಅವನೇ ಅಂದ,
"ಆಟ ಆಡಾಣೇನ್ರವ್ವಾ?"
"ಯಾವ ಭಾಷೆದಾಗೆ?" ಆಚೆಯಿಂದ ಕೇಳಿತು.
ಅದು ಪ್ರಶ್ನೆಯಲ್ಲ, ಕಲ್ಲು.
ಬೀಡಿ ಗೋಡೆಗೆ ಒತ್ತಿ ಆರಿಸಿದ ಮುದುಕ:
"ರಕ್ಕಸನ್ನ ಬೈಯೋದೈತಿ.
ಯಾರಿಗೆ ಯಾವುದ್ರಾಗೆ ಸಿಟ್ಟು ಬರತೈತೋ
ಅದ್ರಾಗೇ ಬೈರಿ."

ಕತೆಯೂ ಅವನದೇ. ಊರ ಕೆರೆಯನ್ನು ಒಂದೇ ಗುಟುಕಿಗೆ ಕುಡಿದು
ಬಿಕ್ಕುತ್ತ ಮಲಗಿದ ಕೆರೆನುಂಗ.
ರಾಣಿಗೆ ತೆಲುಗು, ಕೋಟೆ ಕಾಯುವವನಿಗೆ ಉರ್ದು,
ಸೋಮ್ಲಿಬಾಯಿ ಲಂಬಾಣಿಯಲ್ಲಿ ಅಳುವ ಮೀನು,
ಕೆರೆನುಂಗನಿಗೆ ನಮ್ಮ ಎರ್ರಿಸ್ವಾಮಿಯ
ಹಲ್ಲು ಮುರಿಯುವ ಹಳೆಗಾಲದ ಕನ್ನಡ.

ತೆರೆ ಇರಲಿಲ್ಲ.
ಶೆಡ್ಡಿನ ಮೂಲೆಯ ಚಿಂದಿ ಇತ್ತು:
ಅಳತೆ ತಪ್ಪಿದ ಮೊಣಕಾಲು, ಸೊಂಟದ ಪಟ್ಟಿ,
ಬಣ್ಣ ಹಿಡಿಯದ ಬೆನ್ನು, ಬಿಡಿ ಜೇಬು.
ಆಚೆಯ ಹೊನ್ನೂರ್‌ಬಿ, ಈಚೆಯ ಹೊನ್ನೂರಮ್ಮ
(ಒಂದೇ ಹೆಸರು, ಎರಡು ಹೊಲಿಗೆ)
ಹದಿನೇಳು ರಾತ್ರಿ ಕೂಡಿಸಿದರು.
ಮೊದಲ ವಾರ ಮಾತಿಲ್ಲ, ಕತ್ತರಿ ಮಾತ್ರ ಕೈಬದಲು.
ಎಂಟನೆಯ ರಾತ್ರಿ ಒಬ್ಬಳು ಅಂದಳು,
"ನಿನ್ನ ದಾರ ಸಡ್ಲ."
ಇನ್ನೊಬ್ಬಳು, "ನಿನ್ನ ಕಣ್ಣು ಸಡ್ಲ."
ಅಷ್ಟೇ. ಜೇಬು ಬಿಚ್ಚುವುದೇ ಮರೆತರು.

ಆಟದ ರಾತ್ರಿ ತೆರೆ ತೂಗು ಹಾಕಿದ್ದೇ ತಡ
ಹಗ್ಗ ಹರಿಯಿತು.
ಎತ್ತು ಹೊರುವಷ್ಟು ಭಾರ ಅದು, ನಮ್ಮ ಓಣಿ.
"ಕೈಲೆ ಹಿಡೀರೋ!" ಸಾರಥಿ ಕೂಗಿದ,
"ಹಿಂದಕ ಹಂಗೇ ಹಿಡೀತಿದ್ರು!"
ಎಂಟು ಜನ ಹಿಡಿದೆವು.
ನನ್ನ ಎಡಕ್ಕೆ ಮಾಬುನ್ನಿ;
ನಲ್ಲಿಯ ಹತ್ತಿರ ನನ್ನ ಸತ್ತ ತಾಯಿಯನ್ನೂ
ಬಿಡದೆ ಬೈದವಳು.
ನನ್ನ ಬೆರಳು ಸೋತಾಗ
ನನ್ನ ಕಡೆಯ ತುದಿಯನ್ನೂ ತನ್ನ ಮುಷ್ಟಿಗೆ ಸುತ್ತಿಕೊಂಡಳು.
ನೋಡಲಿಲ್ಲ. ನಾನೂ ನೋಡಲಿಲ್ಲ.

ಹಾಗಾಗಿ ಆಟ ನಾನು ಕಾಣಲಿಲ್ಲ.
ಕಂಡದ್ದು ಗೆಜ್ಜೆ ಕಟ್ಟಿದ ಒಡಕು ಹಿಮ್ಮಡಿ,
ಕೆಳಗಿಟ್ಟ ರಾಣಿಯ ಇನ್‌ಹೇಲರು,
ತೆರೆಯ ಮರೆಯಲ್ಲಿ ನಡುಗುತ್ತಿದ್ದ ಕೆರೆನುಂಗ.
ತೆರೆ ಇಳಿಸಿದಾಗೊಮ್ಮೆ ಎದುರಿಗೆ ಜನ,
ಚರಂಡಿಯ ಮೇಲೆ ಹಲಗೆ ಹಾಕಿ ಕೂತಿದ್ದರು;
ಯಾರು ಯಾವ ದಂಡೆಯವರೋ
ಕತ್ತಲಲ್ಲಿ ನನಗೆ ಎಣಿಸಲಾಗಲಿಲ್ಲ.

ಮಾರನೆಯ ದಿನ ನೀರು ಬಂತು.
ಜಗಳವೂ ಬಂತು.
ಸುಳ್ಳು ಯಾಕೆ ಹೇಳಲಿ.
ಮಾಬುನ್ನಿ ನನ್ನ ಕೊಡ ಹಿಂದಕ್ಕೆ ನೂಕಿ,
ಸೊಂಟಕ್ಕೆ ಕೈಕೊಟ್ಟು,
ಆ ಎರ್ರಿಸ್ವಾಮಿಯದೇ ಕನ್ನಡದಲ್ಲಿ ಗುಡುಗಿದಳು:
"ಎಲವೆಲವೋ ಕೆರೆನುಂಗಾ!"
ನಾನು ಸೋಮ್ಲಿಬಾಯಿಯ ಮೀನಾಗಿ
ಬರದ ಭಾಷೆಯಲ್ಲಿ ಅತ್ತೆ.
ಯಾರೋ ಬಕೆಟ್ಟು ಬಡಿದರು, ತಕಿಟ ತಾ.
ನಗು ತಡೆಯಲಾರದೆ ಅರ್ಧ ನೀರು ಚೆಲ್ಲಿತು.
ಮತ್ತೆ ಅದಕ್ಕೂ ಜಗಳ.

ಈಗ ತೆರೆ ನಲ್ಲಿಯ ಮೇಲೆ ನೆರಳಿಗೆ ಕಟ್ಟಿದೆ.
ಹೋಗುವವರು ಬರುವವರು ಜೇಬಿಗೆ ಕೈ ಹಾಕುತ್ತಾರೆ.
ಶೇಂಗಾ ಸಿಪ್ಪೆ, ಬಸ್ಸಿನ ಟಿಕೇಟು,
ಮಗುವಿನ ಒಂದು ಹಾಲುಹಲ್ಲು.
ನಿನ್ನೆ ಒಂದು ಜೇಬಿನಲ್ಲಿ
ಹೊಸ ದಾರದ ಉಂಡೆ, ಗಟ್ಟಿ ಎಳೆಯದು.
ಯಾರಿಗೆ ಅಂತ ಬರೆದಿರಲಿಲ್ಲ.