ಹೆಬ್ಬೆಟ್ಟು

ಅಕ್ಷರ ಬೇಡ ಅಂದೆ ಮೊದಲೇ.
ಬಾವುಟಕ್ಕೆ ಎರಡು ಮುಖ,
ಈ ಕಡೆ ಸರಿಯಿದ್ದದ್ದು ಆ ಕಡೆ ತಿರುಗುಮುರುಗು.
ಗ್ರಿಮ್ಸ್‌ಬಿ ಬಲೆ ಹೆಣೆಯುವ ಹೆಂಗಸರ ಸಂಘ ಎಂದು
ಇಷ್ಟುದ್ದ ಹೊಲಿದರೆ
ಗಾಳಿಗೆ ಓದಲು ಪುರುಸೊತ್ತಿಲ್ಲ.

ಫ್ರೀಮನ್ ಸ್ಟ್ರೀಟಿನ ನನ್ನ ಅಂಗಡಿಯಲ್ಲಿ
ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತೇನೆ, ಜಿಪ್ ಹಾಕುತ್ತೇನೆ,
ಮದುವೆ ಗೌನಿನ ಸೊಂಟ ಒಂದಿಂಚು ಬಿಡುತ್ತೇನೆ.
ಬಾವುಟ ಇದೇ ಮೊದಲು.
ಬಂದವರು ನಾಲ್ವರು, ಎಪ್ಪತ್ತು ದಾಟಿದವರು,
ಇರುವುದು ಮೂರೇ ಕುರ್ಚಿ.
ಥೆಲ್ಮಾ ಬಟ್ಟೆಯ ಥಾನಿನ ಮೇಲೆ ಕೂತಳು,
ತೊಡೆಯ ಮೇಲೊಂದು ಕಾಗದದ ಪೊಟ್ಟಣ.

ಎನಿಡ್‌ಗೆ ಲಂಗರು ಬೇಕು.
"ಲಂಗರು ಗಂಡಸರದು," ಅಂದಳು ಬೆರಿಲ್,
"ನಮ್ಮನ್ನು ಯಾರು ಹಡಗು ಹತ್ತಿಸಿದರು?"
ಏವ್ರಿಲ್‌ಗೆ ದೀಪಸ್ತಂಭ, ಹಿಂದೆ ಸೂರ್ಯ, ಕೆಳಗೆ ಇಸವಿ,
ಸುತ್ತ ಗುಲಾಬಿ.
ಅಂಚೆಚೀಟಿಯಷ್ಟು ಕಾಗದ ಕೊಟ್ಟೆ, ಇದರಲ್ಲಿ ಬಿಡಿಸಿ ಅಂದೆ.
ಸೂರ್ಯ ದೀಪವನ್ನು ನುಂಗಿದ,
ಜಾಗ ಸಾಲದ ಗುಲಾಬಿ ನನ್ನ ಮೇಜಿನ ಮೇಲೆ ಅರಳಿತು.
ಬಲೆಯನ್ನೇ ಹಾಕೋಣ ಅಂದರು. ಹಾಕಿದೆ.
ದೂರದಿಂದ ನೋಡಿದರೆ
ಮಕ್ಕಳ ಲೆಕ್ಕದ ನೋಟುಬುಕ್ಕು.

ಗಾಳಿಯಿಲ್ಲದ ದಿನ ಏನು ಮಾಡುತ್ತೀರಿ ಅಂತ ಕೇಳಿದೆ.
ಹಂಬರ್ ದಂಡೆಯಲ್ಲಿ ಗಾಳಿಯಿಲ್ಲದ ದಿನ!
ನಾಲ್ವರೂ ಬಿದ್ದುಬಿದ್ದು ನಕ್ಕರು.
ಹಾಗಾದರೆ ಹೊರ ಅಂಚೇ ಮೊದಲು ಹರಿಯುವುದು,
ಮುಖ್ಯವಾದದ್ದನ್ನು ಕಂಬದ ಹತ್ತಿರ ಇಟ್ಟುಕೊಳ್ಳಬೇಕು, ಅಂದೆ.
ನಗು ನಿಂತಿತು.
"ಇಟ್ಟುಕೊಳ್ಳಬಹುದಿತ್ತು," ಅಂದಳು ಎನಿಡ್.
ನಾನು ಟೇಪು ಸುತ್ತುತ್ತ ಕೂತೆ.

ಆಗ ಥೆಲ್ಮಾ ಪೊಟ್ಟಣ ಬಿಚ್ಚಿದಳು,
ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ.
ರಾತ್ರಿ ಊಟದ ಹ್ಯಾಡಕ್ ಮೀನು. ಬೂದುಬೆಳ್ಳಿ ಮೈ,
ಕಿವಿರಿನ ಹಿಂದೊಂದು ಕಪ್ಪು ಗುರುತು,
ಯಾರೋ ಮಸಿಬೆರಳಲ್ಲಿ ಹಿಡಿದು
ಜಾರಲು ಬಿಟ್ಟಂತೆ.
ಮೀನನ್ನು ಮಗುಚಿ ತೋರಿಸಿದಳು:
ಆ ಕಡೆಯೂ ಅದೇ.

ಬೂದು ಆಕಾಶದಲ್ಲಿ ಬೂದು ಬಾವುಟ ಕಾಣುವುದಿಲ್ಲ, ಅಂದೆ.
"ಗುರುತು ಕಂಡರೆ ಸಾಕು," ಬೆರಿಲ್ ಅಂದಳು.

ಅಳತೆಗೆ ಒಂದು ಹೆಬ್ಬೆರಳು ಬೇಕಲ್ಲ.
ರಸೀದಿಯ ಸ್ಟಾಂಪ್ ಪ್ಯಾಡು ಮುಂದಿಟ್ಟೆ, ಥೆಲ್ಮಾ ಒತ್ತಿದಳು.
ಗೆರೆಯೇ ಇಲ್ಲ.
ಬರೀ ಕಪ್ಪು, ಹುಣಸೆಬೀಜದ ಹಾಗೆ ನುಣುಪು.
ನಲವತ್ತು ವರ್ಷ ಟಾರು ಮೆತ್ತಿದ ನಾರುಹುರಿ ಎಳೆದೆಳೆದು
ಗೆರೆಗಳೆಲ್ಲ ಬಲೆಗೇ ಹೋಗಿವೆ.
"ಮೊಮ್ಮಗನ ಫೋನು ನನ್ನ ಬೆರಳನ್ನು
ಬೆರಳೆಂದೇ ಒಪ್ಪುವುದಿಲ್ಲ."

ನಮ್ಮ ಕಡೆ ಓದುಬರಹ ಬಾರದವರನ್ನು
ಹೆಬ್ಬೆಟ್ಟು ಎಂದು ಆಡಿಕೊಳ್ಳುತ್ತಾರೆ, ಅಂದೆ.
ಹೇಳಬಾರದಿತ್ತೇನೋ.
ಥೆಲ್ಮಾ ಇನ್ನೊಮ್ಮೆ ಒತ್ತಿದಳು,
ಈ ಸಲ ಗಟ್ಟಿಯಾಗಿ.

ಕಂಬದ ಹತ್ತಿರ ಒಂದೇ ಕರಿ ತುಂಡು,
ಹಿಂದಿನ ಬೂದು ಬಟ್ಟೆ ಕತ್ತರಿಸಿ ತೆಗೆದೆ,
ಎರಡೂ ಕಡೆಗೆ ಕಾಣಲಿ ಎಂದು.
ಹೊರ ಅಂಚಿಗೆ ನಾಲ್ಕು ಸಾಲು ಹೊಲಿಗೆ.
ಹರಿಯುತ್ತದೆ, ಗೊತ್ತು. ತನ್ನಿ, ಮತ್ತೆ ಮಡಿಸಿ ಹೊಲಿಯುತ್ತೇನೆ,
ಪ್ರತಿ ಸಲ ಒಂದಿಷ್ಟು ಗಿಡ್ಡ.

ವಾರವಿಡೀ ಅಂಗಡಿಯಲ್ಲಿ ಮೀನಿನ ವಾಸನೆ.
ಗೌನು ಒಯ್ಯಲು ಬಂದ ಮದುಮಗಳು
ಬಾಗಿಲಲ್ಲೇ ನಿಂತು ಮೂಗರಳಿಸಿ
"ನಮ್ಮಜ್ಜಿ ಬಂದಿದ್ದಳಾ?" ಅಂದಳು.